ಹತ್ತಿ ಬೀಜಕ್ಕೆ ಯಾರ ಹೊಲ ಯೋಗ್ಯ?



ಮೊನ್ನೆ ನಮ್ಮ ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೃಷಿ ಡಿಪ್ಲೊಮಾ ಓದುವ ತಮ್ಮನೊಬ್ಬ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದ. ಹೈಬ್ರಿಡ್ ಹತ್ತಿಯ ಬೀಜ ಬೆಳೆಯಲು ಭೂಮಿ ಹೇಗಿರಬೇಕು ಅನ್ನೋ ಪಾಠ. ಮಣ್ಣು ಆಳ ಇರಬೇಕು, ನೀರು ನಿಲ್ಲಬಾರದು, ಹಿಂದಿನ ವರ್ಷ ಅದೇ ಹೊಲದಲ್ಲಿ ಬೇರೆ ಹತ್ತಿ ಬೆಳೆದಿರಬಾರದು, ಸುತ್ತ ಬೇರೆ ಹತ್ತಿ ಇರಬಾರದು, ನೀರಾವರಿ ಬೇಕು, ರಸ್ತೆ ಹತ್ತಿರ ಇರಬೇಕು, ಕೂಲಿಯಾಳು ಹೇರಳವಾಗಿ ಸಿಗಬೇಕು. ಇಷ್ಟು ಓದಿ ಅವನು ಪುಸ್ತಕ ಮುಚ್ಚಿ ಸುಮ್ಮನೆ ಕುಂತ. ಆಮೇಲೆ ಕೇಳಿದ: “ಅಣ್ಣಾ, ಈ ಕೂಲಿಯಾಳು ಅಂದ್ರ ನಮ್ಮವ್ವ ಅಲ್ಲೇನು? ನಮ್ಮವ್ವ ಹೊಲದ ಗುಣದಾಗ ಹೆಂಗ ಬಂದಳು?”

ನಮ್ಮಲ್ಲಿ ಯಾರಿಗೂ ಉತ್ತರ ಹೊಳೀಲಿಲ್ಲ. ಮಣ್ಣು, ನೀರು, ರಸ್ತೆ, ಅವ್ವ. ಒಂದೇ ಪಟ್ಟಿ. ಹೊಲದವನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇಲ್ಲ, ಯಾಕಂದರೆ ಪಟ್ಟಿ ಬರೆದದ್ದೇ ಅವನ ಸಲುವಾಗಿ.

ಅವತ್ತಿನಿಂದ ನಾವು ಆ ಅರ್ಧ ಪುಟದ ಪಾಠವನ್ನು ಬಿಟ್ಟಿಲ್ಲ. ನಮ್ಮಲ್ಲಿ ನಾಲ್ಕೈದು ಮಂದಿ ಮೆಣಸಗಿ, ಹೊಳೆಆಲೂರು ಕಡೆಯವರು. ಮಲಪ್ರಭೆ ದಂಡೆಯ ಎರೆ ಸೀಮೆ. ಹತ್ತಿ ನಮಗೆ ಹೊಸದಲ್ಲ. ಹತ್ತಿ ಬಿಡಿಸಿದ ಉಡಿಯಲ್ಲೇ ನಮ್ಮನ್ನು ಮಲಗಿಸಿ ಬೆಳೆಸಿದ್ದಾರೆ. ಆದರೆ ಹತ್ತಿ ಬೆಳೆಯೋದು ಬೇರೆ, ಹತ್ತಿಯ ಬೀಜ ಬೆಳೆಯೋದು ಬೇರೆ. ಇದನ್ನು ಮೊದಲು ತಿಳಿಯಬೇಕು.

1972ರಲ್ಲಿ ಧಾರವಾಡದ ವಿಜ್ಞಾನಿಗಳು ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಕೊಟ್ಟರು. ನಮ್ಮ ಹಳೆಯ ಲಕ್ಷ್ಮಿ ಹತ್ತಿಯನ್ನು ಬೇರೆ ಜಾತಿಯ ಉದ್ದೆಳೆ ಹತ್ತಿಗೆ ಕೂಡಿಸಿ ಮಾಡಿದ ತಳಿ. (ಸಸ್ಯಶಾಸ್ತ್ರದಲ್ಲಿ ಜಾತಿ ಮೀರಿ ಲಗ್ನ ಮಾಡಿದರೆ ಬಹುಮಾನ ಉಂಟು, ಊರಲ್ಲಿ ಏನು ಉಂಟು ಅಂತ ನಿಮಗೆ ಗೊತ್ತು.) ಅದಕ್ಕೆ ಎರಡು ವರ್ಷ ಮೊದಲು ಗುಜರಾತಿನಲ್ಲಿ ಎಚ್-4 ಬಂದಿತ್ತು. 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್-32 ಬಂತು, ಜನ ಜಯಲಕ್ಷ್ಮಿ ಅಂತಾರೆ. 2002ರಿಂದ ಬಿಟಿ ಬಂತು. ಹೆಸರು ಬದಲಾದವು, ಬೀಜ ಮಾಡೋ ರೀತಿ ಬದಲಾಗಲಿಲ್ಲ. ಮಧ್ಯಾಹ್ನದ ಮೇಲೆ, ನಾಳೆ ಅರಳೋ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ ಗಂಡು ಕೇಸರ ತೆಗೀಬೇಕು. ಮೇಲೆ ಕೆಂಪು ಕಾಗದದ ಚೀಲ ಹಾಕಬೇಕು. ಮರುದಿನ ಮುಂಜಾನೆ ಗಂಡು ಸಾಲಿನ ಹೂ ಕಿತ್ತು ತಂದು ಹುಡಿ ಸವರಬೇಕು, ದಾರ ಕಟ್ಟಿ ಗುರುತು ಮಾಡಬೇಕು. ಕೈತಪ್ಪಿ ಅರಳಿದ ಹೂಗಳನ್ನು ದಿನಾ ಕಿತ್ತೊಗೀಬೇಕು. ಎಕರೆಗೆ ದಿನಾ ಎಂಟು-ಹತ್ತು ಜನ, ಎರಡು ತಿಂಗಳಿಗೂ ಮೇಲೆ. ಇದಕ್ಕೇ ನಮ್ಮವರು ‘ಕ್ರಾಸಿಂಗ್ ಕೆಲಸ’ ಅನ್ನೋದು. ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಹೆಚ್ಚಾಗಿ ಹೈಬ್ರಿಡ್ ಅಲ್ಲದ ತಳಿಗಳನ್ನೇ ಬಿತ್ತುತ್ತಾರೆ. ಅಲ್ಲಿ ಒಂದೊಂದು ಮೊಗ್ಗನ್ನು ಕೈಯಿಂದ ಬಿಡಿಸೋಷ್ಟು ಅಗ್ಗದ ಕೈ ಸಿಗೋದಿಲ್ಲ. ಇಲ್ಲಿ ಸಿಗುತ್ತೆ. ಎಲ್ಲಿ ಸಿಗುತ್ತೆ ಅಂತ ಆ ತಮ್ಮ ಕೇಳಿಯೇ ಬಿಟ್ಟ.

ಈಗ ಹೊಲದ ಮಾತಿಗೆ ಬರೋಣ.

ಊರಲ್ಲಿ ಹೊಲದ ಯೋಗ್ಯತೆ ಹೇಳೋರು ಯಾರು? ಗೌಡರು, ಹಿರೇರು, ಈಗ ಬೀಜದ ಕಂಪನಿಯ ಏಜೆಂಟರು. ‘ಆ ಎರಿ ಬಂಗಾರದಂಥಾದ್ದು, ಆ ಮಸಾರಿ ಯಾತಕ್ಕೂ ಬರೂದಿಲ್ಲ’ ಅಂತ ಕೈ ತೋರಿಸಿ ಹೇಳಿಬಿಡುತ್ತಾರೆ. ನಾವೂ ತಲೆ ಆಡಿಸುತ್ತೇವೆ. ಆದರೆ ಪುಸ್ತಕ ಹಾಗೆ ಹೇಳೋದಿಲ್ಲ. ಆಳವಾದ ಎರೆಯಲ್ಲಿ ಹಸಿ ತಡೀತದೆ, ಬೇರು ಇಳೀತದೆ, ನಿಜ. ಆದರೆ ನೀರು ಬಸಿಯದಿದ್ದರೆ ಆ ಎರೆಯೇ ಹತ್ತಿಗೆ ವೈರಿ. ಬೇರಿಗೆ ಉಸಿರಿಲ್ಲದೆ ಗಿಡ ಹಳದಿಯಾಗಿ ಮೊಗ್ಗು ಉದುರಿಸುತ್ತದೆ. ಬೀಜದ ಹತ್ತಿಗೆ ಇನ್ನೊಂದು ತೊಂದರೆ: ಕ್ರಾಸಿಂಗ್ ನಡೆಯುವಾಗ ಒಂದು ದಿನವೂ ಬಿಡುವಂತಿಲ್ಲ. ಮಳೆ ಆದ ಮೇಲೆ ಎರೆ ಹೊಲದಲ್ಲಿ ಕಾಲಿಟ್ಟು ನೋಡಿದ್ದೀರಿ, ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು. ಎರಡು ದಿನ ಹೊಲಕ್ಕೆ ಹೋಗದಿದ್ದರೆ ಆ ಎರಡು ದಿನದ ಹೂ ತಮ್ಮಷ್ಟಕ್ಕೆ ತಾವು ಕಾಯಾಗುತ್ತವೆ. ಅದು ಹೈಬ್ರಿಡ್ ಬೀಜ ಅಲ್ಲ, ಕಲಬೆರಕೆ. ನೀರು ಬಸಿಯೋ ಕೆಂಪು ಮಣ್ಣು ಇದ್ದು, ಬಾವಿಯದ್ದೋ ಬೋರಿನದ್ದೋ ನೀರು ಇದ್ದರೆ ಮಳೆ ನಿಂತ ಸ್ವಲ್ಪ ಹೊತ್ತಿಗೇ ಸಾಲಿನಲ್ಲಿ ನಡೀಬಹುದು. ರಾಣೆಬೆನ್ನೂರು, ಕುಷ್ಟಗಿ ಕಡೆ ಬೀಜದ ಪ್ಲಾಟುಗಳಿಗೆ ಕೂಲಿಗೆ ಹೋಗಿ ಬಂದ ನಮ್ಮ ಅಕ್ಕಂದಿರನ್ನು ಕೇಳಿ ನೋಡಿ, ಅವರು ನಿಂತು ಕೆಲಸ ಮಾಡಿದ್ದು ಬರೀ ಎರೆಯಲ್ಲಲ್ಲ. ಊರು ಯಾತಕ್ಕೂ ಬಾರದ್ದು ಅಂದ ಮಸಾರಿಗೆ ಕೊರತೆ ಇರೋದು ಮಣ್ಣಿನದಲ್ಲ, ನೀರಿನದು. ಆ ನೀರು ಯಾರ ಹೊಲದ ತನಕ ಬಂದು ನಿಲ್ಲುತ್ತೆ ಅನ್ನೋದು ಭೂಗೋಳದ ಪ್ರಶ್ನೆ ಅಲ್ಲ.

ನಮ್ಮ ಸೀಮೆಯ ನೀರಿನ ಕತೆ ಗೊತ್ತಲ್ಲ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯ್ತು, ಕಾಲುವೆ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರು ಆಯ್ತು. ಬೆಟರ್‌ಮೆಂಟ್ ಲೆವಿ ಅನ್ನೋ ಕರದ ವಿರುದ್ಧದ ಬಂಡಾಯ ಅದು. ವರಲಕ್ಷ್ಮಿಯ ಬೆಲೆ ಬಿದ್ದದ್ದೂ ಅದರ ಹಿಂದೆ ಇತ್ತು. ಆ ಹೋರಾಟಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಒಂದು ಮಾತು ಕೇಳಬೇಕು: ಹೊಲಕ್ಕೆ ನೀರು ಬಂದವರ ಲೆಕ್ಕ ಅಲ್ಲಿ ಆಯ್ತು, ನೀರು ಬಾರದವರ ಲೆಕ್ಕ ಯಾರು ಮಾಡಿದರು? ಹೊಲವೇ ಇಲ್ಲದವರದು? ಇನ್ನು ಕೆಲವು ಕಡೆ ನೀರು ಬಂದು ಬಸಿಗಾಲುವೆ ಬಾರದೆ ಮಲಪ್ರಭೆಯ ಅಚ್ಚುಕಟ್ಟಿನಲ್ಲೇ ಹೊಲ ಸವಳಾಯ್ತು. ಹತ್ತಿ ಸವಳನ್ನು ಸ್ವಲ್ಪ ತಡೆಯೋ ಬೆಳೆ, ಖರೆ. ಆದರೆ ಮೊಳಕೆಯ ಹೊತ್ತಿನಲ್ಲಿ ತಡೆಯೋದಿಲ್ಲ. ಸಾಲಿನ ನಡುನಡುವೆ ಬೋಳು ಬಿದ್ದರೆ ಬೀಜದ ಪ್ಲಾಟು ಅಲ್ಲಿಗೇ ಅರ್ಧ ಸತ್ತಂತೆ.

ಹೊಳೆಯ ದಂಡೆಯವರಿಗೆ ಇನ್ನೊಂದು ಎಚ್ಚರ. 2009ರಲ್ಲಿ ಮಲಪ್ರಭೆ ಮತ್ತು ಬೆಣ್ಣೆಹಳ್ಳ ಉಕ್ಕಿದ್ದು ಸೆಪ್ಟೆಂಬರ್ ಕೊನೆಗೆ. 2019ರಲ್ಲಿ ಆಗಸ್ಟಿಗೇ ಬಂತು. ಮುಂಗಾರಿ ಹತ್ತಿ ಹೂ ಬಿಟ್ಟು ಕಾಯಿ ಕಟ್ಟೋದು ಇದೇ ತಿಂಗಳುಗಳಲ್ಲಿ. ಆ ಎರಡು ವರ್ಷ ನೀರು ಎಲ್ಲಿ ತನಕ ಬಂದಿತ್ತು ಅಂತ ಊರಿನ ಮುದುಕರಿಗೆ ಗೊತ್ತು, ಗೋಡೆಗಳಿಗೂ ಗೊತ್ತು. ಆ ಗೆರೆಯ ಕೆಳಗಿನ ಹೊಲದಲ್ಲಿ ಸಾಲ ತಂದು ಬೀಜದ ಹತ್ತಿ ಹಾಕೋದು ಹೊಳೆಗೆ ದುಡ್ಡು ಸುರಿದ ಹಾಗೆ. ಅಲ್ಲಿ ಹಿಂಗಾರಿಯ ಕಡಲೆ, ಬಿಳಿಜೋಳ ಸಾಕು.

ಇಷ್ಟು ಮಣ್ಣು-ನೀರಿನ ಮಾತು. ನಮ್ಮನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಪಟ್ಟಿಯ ನಾಲ್ಕನೆಯ ಮಾತು: ಸುತ್ತ ಬೇರೆ ಹತ್ತಿ ಇರಬಾರದು. ಬೀಜ ಪ್ರಮಾಣನದ ನಿಯಮದಲ್ಲಿ ಇದಕ್ಕೆ ಅಂತರ ಗೊತ್ತು ಮಾಡಿದ್ದಾರೆ. ಪ್ರಮಾಣಿತ ಬೀಜಕ್ಕೆ 30 ಮೀಟರು, ಮೂಲ ಬೀಜಕ್ಕೆ 50 ಮೀಟರು. ಜೇನುಹುಳ, ದುಂಬಿ ಪಕ್ಕದ ಹೊಲದ ಹುಡಿ ತಂದು ತಳಿ ಕೆಡಿಸದಿರಲಿ ಅಂತ. ಅದು ಸರಿ. ಹುಳಕ್ಕೆ ಬದು ಕಾಣೋದಿಲ್ಲ. ಆದರೆ ಈ 30 ಮೀಟರನ್ನು ನಮ್ಮ ಹೊಲದ ಮೇಲೆ ಇಟ್ಟು ಒಮ್ಮೆ ಲೆಕ್ಕ ಮಾಡಿ ನೋಡಿ. ಪೆನ್ಸಿಲ್ಲು ತಗೊಳ್ಳಿ.

30 ಮೀಟರು ಅಂದರೆ 98 ಅಡಿಗೆ ತುಸು ಮೇಲೆ. ಎರಡು ಎಕರೆಯ ಚೌಕ ಹೊಲ ಇದೆ ಅಂತ ತಿಳಿಯಿರಿ. ಒಂದು ಬದಿ 295 ಅಡಿ ಆಗುತ್ತೆ. ಸುತ್ತಲಿನ ನಾಲ್ಕೂ ಹೊಲದವರು ಬದುವಿನ ತನಕ ತಮಗೆ ಬೇಕಾದ ಹತ್ತಿ ಹಾಕಿದ್ದಾರೆ. ಆಗ ಅಂತರ ಬಿಡಬೇಕಾದ್ದು ನಾವೇ, ನಮ್ಮ ಹೊಲದೊಳಗೇ. ಎರಡೂ ಕಡೆ 98 ತೆಗೆದರೆ ಉಳಿಯೋದು 98 ಅಡಿ ಉದ್ದ, 98 ಅಡಿ ಅಗಲ. ಸುಮಾರು 9 ಗುಂಟೆ. 80 ಗುಂಟೆಯ ಹೊಲದಲ್ಲಿ 9 ಗುಂಟೆ ಮಾತ್ರ ‘ಯೋಗ್ಯ’. ಇದು ಚೌಕ ಹೊಲದ ಮಾತು. ನಮ್ಮವರ ಹೊಲ ಚೌಕ ಎಲ್ಲಿದೆ? ಅಜ್ಜನ ಕಾಲದ ಚಾಕರಿ ಹೊಲ ಅಣ್ಣತಮ್ಮಂದಿರಲ್ಲಿ ಸೀಳಿ ಸೀಳಿ ಪಟ್ಟಿಯಾಗಿದೆ. 150 ಅಡಿ ಅಗಲ, 580 ಅಡಿ ಉದ್ದ ಅಂದರೂ ಎರಡು ಎಕರೆಯೇ. ಅದರಲ್ಲಿ ಎರಡೂ ಬದಿಗೆ 98 ಬಿಡಿ ನೋಡೋಣ. ಏನೂ ಉಳಿಯೋದಿಲ್ಲ. ಒಂದು ಸಾಲೂ ಇಲ್ಲ. ಮಣ್ಣು ಬಂಗಾರವೇ ಇರಲಿ, ಪಕ್ಕದಲ್ಲೇ ಬಾವಿ ಇರಲಿ, ಆ ಹೊಲ ಬೀಜಕ್ಕೆ ಯೋಗ್ಯ ಅಲ್ಲ.

ಅದೇ ಪಕ್ಕದವರು ಆ ವರ್ಷ ಹೆಸರು, ಗೋವಿನಜೋಳ ಹಾಕಿದರೆ? ಬದುವಿನಿಂದ ಬದುವಿಗೆ ಪೂರಾ ಎರಡು ಎಕರೆ ಯೋಗ್ಯ! ಮಣ್ಣು ಬದಲಾಗಲಿಲ್ಲ, ನೀರು ಬದಲಾಗಲಿಲ್ಲ. ಪಕ್ಕದವನ ಮನಸ್ಸು ಬದಲಾಯ್ತು, ಅಷ್ಟೆ. ಹತ್ತು ಎಕರೆ ಇರುವವನು ತನ್ನ ಹೊಲದೊಳಗೇ ಅಂತರ ಬಿಟ್ಟುಕೊಳ್ಳುತ್ತಾನೆ, ಅವನಿಗೆ ಯಾರ ಹಂಗೂ ಬೇಡ. ಎರಡು ಎಕರೆಯವನು ನಾಲ್ಕು ಮನೆಯ ಬಾಗಿಲಿಗೆ ಹೋಗಿ ‘ಈ ವರ್ಷ ಈ ಕಡೆ ಹತ್ತಿ ಹಾಕಬ್ಯಾಡ್ರಿ’ ಅಂತ ಕೇಳಬೇಕು. ಬಾಗಿಲ ಹೊರಗೆ ನಿಂತು ಕೇಳೋರ ಮಾತಿಗೆ ಒಳಗಿನವರು ಎಷ್ಟು ಬೆಲೆ ಕೊಡ್ತಾರೆ?

ಇದು ಊಹೆಯ ಮಾತಲ್ಲ. ನಮ್ಮ ಗೆಳೆಯನೊಬ್ಬನ ಮನೆಯಲ್ಲಿ ನಡೆದದ್ದು. ಏಜೆಂಟನೊಬ್ಬ ಬಂದು, ಹೊಲ ಅಳೆಯದೆ, ಬದುವಿನ ಮೇಲೆ ನಿಂತು ‘ಹೊಲ ಚಲೋ ಐತಿ’ ಅಂದ. ಗಂಡು ಬೀಜ, ಹೆಣ್ಣು ಬೀಜ ಕೊಟ್ಟ, ಮುಂಗಡ ಕೊಟ್ಟ, ಇಂಗ್ಲಿಷಿನ ಕಾಗದಕ್ಕೆ ಅಪ್ಪನ ಹೆಬ್ಬೆಟ್ಟು ತಗೊಂಡ. ಮನೆಮಂದಿ ಎಲ್ಲ ದುಡಿದರು. ಎಂಟನೆತ್ತೆಯ ತಂಗಿ ಸಾಲಿ ಬಿಟ್ಟಳು. ಕಾಯಿ ಕಟ್ಟಿದ ಮೇಲೆ ತಪಾಸಣೆಗೆ ಬಂದವರು ಟೇಪು ಹಿಡಿದರು. ಪಕ್ಕದ ಹೊಲದ ಬೇರೆ ಹತ್ತಿ 40 ಅಡಿಗೇ ಇತ್ತು. ಪ್ಲಾಟು ರದ್ದು. ದಾರ ಕಟ್ಟಿದ ಕಾಯಿಗಳೆಲ್ಲ ಸಾದಾ ಹತ್ತಿಯ ರೇಟಿಗೆ ಹೋದವು, ಮುಂಗಡದ ಸಾಲ ಹಾಗೇ ನಿಂತಿತು. ಬಿತ್ತೋ ಮೊದಲು ಆ ಟೇಪು ಎಲ್ಲಿ ಹೋಗಿತ್ತು? ಆ ಗೆಳೆಯ ಬಿ.ಎಸ್ಸಿ. ಓದುತ್ತಿದ್ದ. ಅವನಿಗೂ 30 ಮೀಟರಿನ ಮಾತು ಗೊತ್ತಿರಲಿಲ್ಲ. ನಮಗ್ಯಾರಿಗೂ ಗೊತ್ತಿರಲಿಲ್ಲ. ಈ ನಾಚಿಕೆಯಿಂದಲೇ ಇದನ್ನು ಬರೀತಿದ್ದೇವೆ.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದಿದ್ದರು. ಹೊಲ ಸಣ್ಣದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ, ದೊಡ್ಡದು ಅಂದ ಮಾತ್ರಕ್ಕೆ ಒಳ್ಳೇದಲ್ಲ. ಅದರ ಜೊತೆ ಬಂಡವಾಳ, ಸಲಕರಣೆ, ದುಡಿಮೆ ಎಷ್ಟು ಕೂಡಿದೆ ಅನ್ನೋದರ ಮೇಲೆ ಹೊಲ ನಡೆಯೋದು ಅನ್ನೋದು ಅವರ ವಾದದ ತಿರುಳು. ನಾವು ಅವರ ಫೋಟೋಕ್ಕೆ ಹಾರ ಹಾಕಿದಷ್ಟು ಸಲ ಈ ಲೇಖನ ಓದಿಲ್ಲ. ಹತ್ತು ವರ್ಷದ ಮೇಲೆ, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ವತನದ ಕಾಯ್ದೆಯ ತಿದ್ದುಪಡಿಗೆ ಅವರು ಮಸೂದೆ ತಂದರು. ಆಗ ರೋಣವೂ ಮುಂಬಯಿ ಇಲಾಖೆಯದೇ. ಊರ ಚಾಕರಿಗೆ ಕಟ್ಟಿಹಾಕುವ ತುಂಡು ಹೊಲದ ಮೇಲೆ ಅವರ ಕಣ್ಣು ಮೊದಲಿನಿಂದ ಇತ್ತು. ಚಾಕರಿ ಹುದ್ದೆಗಳು ಇಲ್ಲಿ ಹೋದದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ. ಹುದ್ದೆ ಹೋಯ್ತು, ಹೊಲದ ಪಟ್ಟಿ ಉಳೀತು.

ಆ ಪಟ್ಟಿಗಳನ್ನೇ ಕೂಡಿಸಿದರೆ ಏನಾಗುತ್ತೆ? ಮತ್ತೆ ಪೆನ್ಸಿಲ್ಲು ತಗೊಳ್ಳಿ. ಒಂದಕ್ಕೊಂದು ಹತ್ತಿದ ನಾಲ್ಕು ಮನೆಯವರ ಎರಡೆರಡು ಎಕರೆ, ಒಟ್ಟು ಎಂಟು ಎಕರೆ, ಹೆಚ್ಚುಕಡಿಮೆ ಚೌಕ. ನಾಲ್ವರೂ ಒಂದೇ ತಳಿಯ ಬೀಜ ಬೆಳೆದರೆ ನಡುವಿನ ಬದುಗಳಿಗೆ ಅಂತರ ಬೇಡ, ಹೊರಗಿನ ಸುತ್ತಿಗೆ ಮಾತ್ರ ಬೇಕು. ಬದಿ 590 ಅಡಿ. ಎರಡು ಕಡೆ ಬಿಟ್ಟರೆ 393 ಉಳಿಯುತ್ತೆ. ಸುಮಾರು 142 ಗುಂಟೆ, ಅಂದರೆ 3 ಎಕರೆ 22 ಗುಂಟೆ. ಬೇರೆ ಬೇರೆ ಚೌಕಗಳಾಗಿ ಮಾಡಿದ್ದರೆ ನಾಲ್ವರದೂ ಕೂಡಿ 36 ಗುಂಟೆ ಆಗುತ್ತಿತ್ತು. ಪಟ್ಟಿಗಳಾಗಿದ್ದರೆ ಸೊನ್ನೆ. ಸುತ್ತಿಗೆ ಬಿಟ್ಟ ಜಾಗವೂ ಹಾಳು ಬೀಳೋದಿಲ್ಲ, ಅಲ್ಲಿ ಹೆಸರು, ತೊಗರಿ ಬೆಳೆಯಬಹುದು. ನಾಲ್ಕು ಮನೆಯವರು ಒಂದು ಮಾತಿಗೆ ಬರೋದು ಮಾತ್ರ ಸುಲಭ ಅಲ್ಲ. ನಮ್ಮ ಕೇರಿಯಲ್ಲೂ ಬದುವಿನ ಜಗಳ ಇವೆ, ಎಡ-ಬಲದ ಜಗಳ ಇವೆ. ಗೌಡರನ್ನು ಬೈದಷ್ಟು ಸುಲಭಕ್ಕೆ ಇವು ಬಗೆಹರಿಯೋದಿಲ್ಲ.

ನಮ್ಮ ಅಭಿಪ್ರಾಯ ಸರಳ. ಒಂಟಿ ಪಟ್ಟಿಯಲ್ಲಿ, ಏಜೆಂಟನ ಮುಂಗಡ ನಂಬಿ, ಬೀಜದ ಹತ್ತಿಗೆ ಯಾರೂ ಇಳಿಯಬೇಡಿ. ಕೂಡಿ ಮಾಡುವಂತಿದ್ದರೆ ಮಾಡಿ. ಕಾಗದ ಕನ್ನಡದಲ್ಲಿ ಬರೆಸಿ. ತಪಾಸಣೆಯ ಟೇಪು ಬಿತ್ತೋ ಮೊದಲೇ ಬರಲಿ. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಯಾರಾದರೂ ‘ಎರಡು ವರ್ಷ ಲಾವಣಿಗೆ ಕೊಡ್ರಿ, ನಾವ ಸೀಡ್ಸ್ ಹಾಕ್ತೀವಿ’ ಅಂತ ಕೇಳಿದರೆ 1978ರ ಪಿಟಿಸಿಎಲ್ ಕಾಯ್ದೆ ನೆನಪಿರಲಿ. ಅದರಲ್ಲಿ ಮಾರಾಟ ಅಷ್ಟೇ ಅಲ್ಲ, ಒತ್ತೆ, ಗೇಣಿಯೂ ಪರಭಾರೆಯೇ, ಸರ್ಕಾರದ ಅಪ್ಪಣೆ ಇಲ್ಲದೆ ನಡೆಯೋದಿಲ್ಲ. 2023ರ ತಿದ್ದುಪಡಿಯ ಮೇಲೆ ಹಳೆಯ ಪರಭಾರೆಗಳ ಮೇಲೂ ಅರ್ಜಿ ಹಾಕಲು ಕಾಲಮಿತಿಯ ತಡೆ ಇಲ್ಲ.

ಇನ್ನೂ ದೊಡ್ಡ ಮಾತು ಒಂದಿದೆ. ಭೂಮಿ ಇಲ್ಲದ ಪರಿಶಿಷ್ಟ ಜಾತಿಯ ಕೂಲಿ ಹೆಣ್ಣುಮಕ್ಕಳಿಗೆ ಹೊಲ ಖರೀದಿಸಿ ಕೊಡುವ ಭೂ ಒಡೆತನ ಯೋಜನೆ ಅಂಬೇಡ್ಕರ್ ಅಭಿವೃದ್ಧಿ ನಿಗಮದಲ್ಲಿ ಇದೆ. ಅರ್ಧ ಸಹಾಯಧನ, ಅರ್ಧ ಸಾಲ. ಹೊಲ ನಮ್ಮವ್ವನ ಹೆಸರಿಗೆ, ಸಾಲವೂ ನಮ್ಮವ್ವನ ಹೆಸರಿಗೆ. ಹೊಲ ಮಾರಲು ಬರೋರು ಯಾವ ಹೊಲ ತೋರಿಸ್ತಾರೆ? ಚಲೋ ಹೊಲ ಮಾರೋ ಅಂಥಾ ಗತಿ ಯಾರಿಗೂ ಬಂದಿರೋದಿಲ್ಲ. ಸವಳು ಬಿದ್ದದ್ದು, ದಾರಿ ಇಲ್ಲದ್ದು, ಹೊಳೆ ನುಂಗೋ ಗೆರೆಯ ಕೆಳಗಿನದ್ದು ಮೊದಲು ಮುಂದೆ ಬರುತ್ತೆ. ಹತ್ತಿ ಬೀಜದ ಆ ಅರ್ಧ ಪುಟ ನಮಗೆ ಇಲ್ಲಿ ಬೇಕು. ಅವ್ವ ಬೀಜ ಬೆಳೆಯಲಿ, ಜೋಳ ಬೆಳೆಯಲಿ, ಸಹಿ ಮಾಡೋ ಮೊದಲು ಹೊಲವನ್ನು ಆ ಪಟ್ಟಿಯ ಮುಂದೆ ನಿಲ್ಲಿಸಬೇಕು. ಎದೆಮಟ್ಟ ಗುಂಡಿ ತೋಡಿ ಮಣ್ಣಿನ ಆಳ ನೋಡಬೇಕು. ಕೊಡ ನೀರು ಹಾಕಿ ಮರುದಿನ ಬಂದು ನೋಡಬೇಕು. ಬೇಸಿಗೆಯಲ್ಲಿ ಬಿಳಿ ಹುಡಿ ಏಳುತ್ತಾ ಅಂತ ಪಕ್ಕದ ಹೊಲದ ಕೂಲಿಯವರನ್ನು ಕೇಳಬೇಕು, ಮಾಲೀಕರನ್ನಲ್ಲ. ಕಳೆದ ಮೂರು ವರ್ಷ ಏನು ಬೆಳೆದಿದ್ದರು, ಉತಾರದಲ್ಲಿ ಏನು ಬರೆದಿದೆ, ಎರಡೂ ಒಂದೇನಾ? ಹತ್ತಿ ಬೆಳೆದ ಹೊಲ ಆದರೆ ಉದುರಿದ ಬೀಜ ಮರುವರ್ಷ ತಾನಾಗಿ ಹುಟ್ಟುತ್ತೆ, ಸೊರಗು ರೋಗ ಮಣ್ಣಲ್ಲೇ ಕುಂತಿರುತ್ತೆ.

ಈ ಕೆಲಸಕ್ಕೆ ಅಧಿಕಾರಿ ಬೇಕಿಲ್ಲ. ಎಸ್ಸೆಸ್ಸೆಲ್ಸಿಯ ಗಣಿತ ಸಾಕು. ನಾವು ಇದನ್ನು ಕಲಿಯದೆ ಪಟ್ಟಣದಲ್ಲಿ ನೌಕರಿ ಹುಡುಕಿ ಹೋದರೆ, ಅವ್ವಂದಿರಿಗೆ ಹೊಲ ಆರಿಸಿ ಕೊಡೋರು ಮತ್ತೆ ಅವರೇ ಆಗ್ತಾರೆ.

ಇನ್ನು ಪಟ್ಟಿಯ ಕಡೆಯ ಮಾತು, ಕೂಲಿಯಾಳಿನದು. ಸಣ್ಣ ಹುಡುಗಿಯರ ಬೆರಳು ಮೊಗ್ಗಿಗೆ ಸರಿ ಹೊಂದುತ್ತೆ, ಗಿಡದ ಎತ್ತರಕ್ಕೆ ಅವರು ಬಗ್ಗಬೇಕಾಗಿಲ್ಲ ಅಂತ ಹೇಳೋರನ್ನು ನಾವು ಕಿವಿಯಾರೆ ಕೇಳಿದ್ದೇವೆ. 1986ರ ಬಾಲಕಾರ್ಮಿಕ ಕಾಯ್ದೆಯನ್ನು 2016ರಲ್ಲಿ ತಿದ್ದಿ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂದರು, ಆದರೆ ಸಾಲಿ ಬಿಟ್ಟ ಹೊತ್ತಿನಲ್ಲಿ ಸ್ವಂತ ಮನೆಯ ಕೆಲಸಕ್ಕೆ ಬಾಗಿಲು ತೆರೆದಿಟ್ಟರು. ಬೀಜದ ಪ್ಲಾಟಿಗೆ ಹೋಗೋ ಟೆಂಪೋದಲ್ಲಿ ಕುಂತ ಹುಡುಗಿಯರನ್ನು ಕೇಳಿದರೆ ಎಲ್ಲರೂ ‘ನಮ್ಮ ಮಾವನ ಹೊಲಾರೀ’ ಅಂತಾರೆ. ನಮ್ಮವರದೇ ನಾಲ್ಕು ಪಟ್ಟಿ ಕೂಡಿದ ದಿನ ನಮ್ಮ ತಂಗಿಯರನ್ನೇ ಅಲ್ಲಿ ನಿಲ್ಲಿಸಿದರೆ ಈ ಲೇಖನ ಹರಿದು ಒಲೆಗೆ ಹಾಕಿರಿ.

ದೀಪಾವಳಿ ರಜೆಗೆ ನಾವು ಮೆಣಸಗಿ ಕಡೆ ಹೋಗುತ್ತಿದ್ದೇವೆ. ಕೇರಿಯವರ ಹೊಲಗಳನ್ನು ಒಂದೊಂದಾಗಿ ಅಳೆದು, ಯಾವ ಹೊಲ ಯಾವುದಕ್ಕೆ ಹತ್ತಿದೆ, ನೀರಿನ ಗೆರೆ ಎಲ್ಲಿ ಬರುತ್ತೆ ಅಂತ ಒಂದು ನಕ್ಷೆ ಮಾಡುವ ಯೋಚನೆ ಇದೆ. ಬರುವವರು ಹೆಸರು ಕೊಡಿ. ನೂರಡಿ ಟೇಪು ಒಂದೇ ಇದೆ, ಇನ್ನೊಂದು ಇದ್ದವರು ತನ್ನಿ.